ಗಾಲಿ ಮ್ಯಾಲಿನ ಸಂಸಾರ

ಹ್ವಾದ ವರ್ಷ ಜನವರಿಯೊಳಗ ನಾವಿಬ್ರೂ ಮಗನ ಕಡೆ ಅಮೆರಿಕಾದಾಗ ಇದ್ವಿ. ಅವಂದು ಅರಿಝೋನಾ ರಾಜ್ಯದ ಫೀನಿಕ್ಸ್ ಊರು. ಒಂದು ಶನಿವಾರ ಎಲ್ಲಾರೂ ಕೂಡಿ ಲಾಸ್ ಏಂಜಲೀಸ್ ಕಡೆ ಕಾರಿನಾಗ ಹೊಂಟ್ವಿ. ಎರಡು ತಾಸು ಬರೇ ಮರಳು, ಕಳ್ಳಿಗಿಡ, ಬೋಳು ಗುಡ್ಡ. ನಡುವ ಕ್ವಾರ್ಟ್‌ಸೈಟ್ ಅನ್ನೋ ಸಣ್ಣ ಊರು ಬಂತು. ಪೆಟ್ರೋಲ್ ಹಾಕಿಸ್ಲಿಕ್ಕೆ ಗಾಡಿ ನಿಲ್ಲಿಸಿದ್ರು. ಇಳದು ನೋಡ್ತೀನಿ, ಕಣ್ಣು ಹಾಯಿಸಿದಷ್ಟು ದೂರ ಬಯಲಿನಾಗ ಬಿಳೇ ಗಾಡಿ! ಕೆರಿ ದಂಡಿಗೆ ಬೆಳ್ಳಕ್ಕಿ ಕೂತಂಗ ಕೂತಿದ್ವು.

"ಏನೋ ಇದು, ಜಾತ್ರಿ ಏನು?" ಅಂದೆ.

"ಜಾತ್ರಿ ಅಂದ್ರೂ ನಡೀತದವ್ವಾ. ಇವೆಲ್ಲಾ ಆರ್.ವಿ. ಒಳಗ ಅಡಗಿಮನಿ, ಹಾಸಿಗಿ, ಪಾಯಖಾನಿ ಎಲ್ಲಾ ಇರ್ತದ. ಥಂಡಿಗಾಲದಾಗ ಉತ್ತರದ ಕಡೆ ಮಂದಿ ಇಲ್ಲಿಗೆ ಬರ್ತಾರ. ಕೆಲವರಿಗೆ ಇದ ಮನಿ, ಬ್ಯಾರೆ ಮನೀನ ಇಲ್ಲ" ಅಂದ ಮಗ.

ಹತ್ರದಾಗ ಒಂದು ಗಾಡಿ ಮುಂದ ಮಡಚೋ ಕುರ್ಚಿ ಹಾಕ್ಕೊಂಡು ಒಬ್ಬ ಮುದುಕಿ ಬಟಾಟಿ ಹೆರಕೋತ ಕೂತಿದ್ರು. ನಂದು ಪಿಯುಸಿ ಇಂಗ್ಲಿಷು. ತಿಳದಷ್ಟು ತಿಳೀಲಿ ಅಂತ ಹೋಗಿ ಮಾತಾಡಿಸಿದೆ. ಗಂಡಾ ಹೆಂಡತಿ ಇಬ್ರ ಅಂತ. ಇದ್ದ ಮನಿ ಮಾರಿ ಗಾಡಿ ತೊಗೊಂಡು 11 ವರ್ಷ ಆಗಿತ್ತಂತ. ಆಕಿ ನನ್ನ ಒಳಗ ಕರದು ತೋರಿಸಿದ್ರು. ನಮ್ಮ ದೇವರ ಕೋಣಿಗಿಂತ ಒಂದೀಟು ದೊಡ್ಡ ಅಡಗಿಮನಿ. ನೀರಿನ ಟಾಕಿ 40 ಗ್ಯಾಲನ್ನಿಂದು, ಅಂದ್ರ ನಮ್ಮ ಲೆಕ್ಕದಾಗ 150 ಲೀಟರ್. ಅದನ್ನ ಹತ್ತು ದಿನ ಸಾಗಸ್ತಾರಂತ. ಧಾರವಾಡದಾಗ ಎಂಟು ದಿನಕ್ಕೊಮ್ಮೆ ಬರೋ ನಳದ ನೀರಿನಾಗ ಸಂಸಾರ ಮಾಡಿದ ನಂಗ ಅದೇನು ಹೊಸಾದು ಅನಸ್ಲಿಲ್ಲ. ಭಾಂಡೆ ತಿಕ್ಕಿದ ನೀರಿಗೆ ಒಂದು ಟಾಕಿ, ಪಾಯಖಾನಿದಕ್ಕ ಇನ್ನೊಂದು ಟಾಕಿ. ಅದು ತುಂಬಿದ ಮ್ಯಾಲೆ ಗಾಡಿ ಹೊಡಕೊಂಡು ಹೋಗಿ, ನೇಮಿಸಿದ ಜಾಗಾದಾಗ ಪೈಪು ಹಚ್ಚಿ ಖಾಲಿ ಮಾಡಬೇಕು. "ಆ ಕೆಲಸಾ ನಮ್ಮವರದು, ಒಲಿ ನಂದು" ಅಂತ ನಕ್ರು.

ಬರೋ ಮುಂದ ಆಕಿ ಕೇಳಿದ್ರು, "ನಿಮ್ಮ ಮನಿ ಎಲ್ಲಿ?"

"ಧಾರವಾಡ" ಅಂದೆ. ಅಂದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ.

ಯಾಕಂದ್ರ ಆ ಮನಿ ಮಾರಿ ಆಗ ಮೂರು ತಿಂಗಳಾಗಿತ್ತು. ಮಾವನವರು ಕಟ್ಟಿಸಿದ ಹಂಚಿನ ಮನಿ. ಮೂರು ಮಂದಿ ಅಣ್ಣತಮ್ಮಂದಿರ ಪಾಲು. ಒಬ್ಬರಿಗೂ ಅದನ್ನ ರಿಪೇರಿ ಮಾಡಿಸೋ ತ್ರಾಣ ಇರಲಿಲ್ಲ, ಕೊಟ್ಟುಬಿಟ್ವಿ. ಮೂವತ್ತು ವರ್ಷದ ನನ್ನ ಸಂಸಾರ 14 ಡಬ್ಬದಾಗ ಹೊಕ್ಕು ಮೈದುನನ ಮನಿ ಅಟ್ಟ ಏರಿತ್ತು. ಅವತ್ತಿನಿಂದ ಆರು ತಿಂಗಳು ಬೆಂಗಳೂರಾಗ ಮಗಳ ಮನಿ, ಆರು ತಿಂಗಳು ಮಗನ ಮನಿ ಅಂತ ಠರಾವು ಆಗಿತ್ತು. ಒಬ್ಬೊಬ್ಬರಿಗೆ 23 ಕಿಲೋದ ಎರಡೆರಡು ಸೂಟ್‌ಕೇಸು. ಅವಕ್ಕೂ ಕೆಳಗ ಗಾಲಿ ಇದ್ವಲ್ಲ!

ವಾಪಸ್ ಬಂದ ಮ್ಯಾಲೆ ಆ ಗಾಡಿಗೋಳು ತಲ್ಯಾಗಿಂದ ಹೋಗವಲ್ವು. ಮೊದಲ ಹಿಂಗ ಗಾಲಿ ಮ್ಯಾಲೆ ಸಂಸಾರ ಹೂಡಿದವ್ರು ಯಾರು, ಅವರು ಏನೇನು ಜತಿಗೆ ಒಯ್ದ್ರು, ಏನು ಬಿಟ್ರು? ಸೊಸಿ ಲೈಬ್ರರಿಯಿಂದ ಪುಸ್ತಕ ತಂದುಕೊಟ್ಳು. ಮೊಮ್ಮಗಳನ್ನ ಮಲಗಿಸಿ ದಿನಾ ಮಧ್ಯಾಹ್ನ ಡಿಕ್ಷನರಿ ಇಟ್ಕೊಂಡು ಓದಿದೆ. ತಿಳದದ್ದನ್ನ ನಿಮ್ಮ ಮುಂದ ಹೇಳ್ತೀನಿ.

ಮೊದಲ ಎತ್ತಿನ ಗಾಡಿ ಕಥಿ. 1840ರಿಂದ ಮುಂದ ಇಪ್ಪತ್ತು ಮೂವತ್ತು ವರ್ಷ ಅಮೆರಿಕಾದ ಪೂರ್ವದ ಕಡೆ ಮಂದಿ ಪಶ್ಚಿಮಕ್ಕ ಗುಳೆ ಹೊಂಟ್ರು. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಅನ್ನೋ ಊರಿನಿಂದ ಒರೆಗಾನ್ ತನಕ ಸುಮಾರು 2,000 ಮೈಲು ದಾರಿ. ದಿನಕ್ಕ ಹದಿನೈದು ಮೈಲು ನಡದ್ರ ದೊಡ್ಡದು. ಹಂಗಾಗಿ ನಾಕೈದು ತಿಂಗಳು, ಕೆಲವರಿಗೆ ಆರು ತಿಂಗಳು ಹಿಡೀತಿತ್ತು. ಗಾಡಿ ಮ್ಯಾಲೆ ಕಮಾನು ಕಟ್ಟಿ ಬಿಳೇ ಕ್ಯಾನ್ವಾಸ್ ಹೊಚ್ಚತಿದ್ರು. ನಾವು ಸಣ್ಣವರಿದ್ದಾಗ ಯಲ್ಲಮ್ಮನ ಗುಡ್ಡಕ್ಕ ಕೊಲ್ಲಾರಿ ಗಾಡಿ ಕಟಗೊಂಡು ಹೋಗೋರನ್ನ ನೋಡೀವಲ್ಲ, ಥೇಟ್ ಹಂಗ. ಆದ್ರ ಗುಡ್ಡಕ್ಕ ಹೋದವ್ರು ನಾಕು ದಿನಕ್ಕ ತಿರುಗಿ ಬರ್ತಿದ್ರು. ಇವರು ಬರೋ ಮಾತಿರಲಿಲ್ಲ.

ನಾನು ತಿಳಕೊಂಡಿದ್ದೆ, ಎಲ್ಲಾರೂ ಗಾಡಿಯೊಳಗ ಕೂತು ಹೋಗಿರಬೇಕು ಅಂತ. ಹಂಗಲ್ಲ. ಗಾಡಿ ಪೆಟ್ಟಿಗಿ ಅಗಲ ಬರೇ ನಾಕು ಫೂಟು, ಉದ್ದ ಹತ್ತು ಫೂಟು. ಅದರ ತುಂಬ ಹಿಟ್ಟು, ಉಪ್ಪು ಹಚ್ಚಿದ ಮಾಂಸ, ಸಕ್ಕರಿ, ಕಾಫಿ, ಬೀಜ, ನೇಗಿಲು. ಆಗಿನ ದಾರಿ ತೋರ್ಸೋ ಒಂದು ಪುಸ್ತಕದಾಗ ದೊಡ್ಡವರಿಗೆ ತಲಾ 200 ಪೌಂಡ್ ಹಿಟ್ಟು ಇಟ್ಕೋರಿ ಅಂತ ಬರದದ, ಅಂದ್ರ ಸುಮಾರು 90 ಕಿಲೋ. ಹಂಗಾಗಿ ಬ್ಯಾನಿ ಬಂದವ್ರು, ಕೂಸುಗಳು ಬಿಟ್ಟು ಬಾಕಿ ಮಂದಿ ಗಾಡಿ ಬಾಜೂಕ ನಡಕೋತ ಹೋದ್ರು. ಮನಿ ಗಾಲಿ ಮ್ಯಾಲೆ, ಮನಿ ಮಂದಿ ಕಾಲ ಮ್ಯಾಲೆ.

ಆ ಬಯಲಿನಾಗ ಗಿಡಾ ಇಲ್ಲ, ಕಟ್ಟಿಗಿ ಎಲ್ಲಿಂದ? ಕಾಡೆಮ್ಮಿಯಂಥಾ ಬೈಸನ್ ದನದ ಒಣಗಿದ ಸಗಣಿ ಆರಿಸಿ ಒಲಿ ಹಚ್ಚತಿದ್ರು. ನಮ್ಮ ಕುಳ್ಳಿನ ಒಲಿನ ಅದು! ಹೆಣ್ಣುಮಕ್ಕಳು ಮೊದಮೊದಲು ಮೂಗು ಮುರದು, ಆಮ್ಯಾಲೆ ಉಡಿ ತುಂಬ ಆರಿಸ್ಕೋತ ನಡದ್ರಂತ. ಮುಂಜಾನೆ ಹಿಂಡಿದ ಹಾಲು ಗಾಡಿಗೆ ತೂಗಹಾಕಿದ್ರ ಸಂಜಿ ತನಕ ಕುಲುಕಾಟಕ್ಕ ಬೆಣ್ಣಿ ಬಂದಿರ್ತಿತ್ತಂತ. ಕಡಗೋಲು ಹಿಡಿಯೂದು ತಪ್ಪಿತ್ತು, ಬಾಕಿ ಏನೂ ತಪ್ಪಿರಲಿಲ್ಲ. ಕಾಲರಾ ಬಂದು ಭಾಳ ಮಂದಿ ದಾರ್ಯಾಗ ಸತ್ರು. ಏರು ಬಂದು ಎತ್ತಿಗೆ ಎಳಿಲಿಕ್ಕೆ ಆಗಲಿಲ್ಲ ಅಂದ್ರ ಕಬ್ಬಿಣದ ಒಲಿ, ಕಪಾಟು, ಪೆಟ್ಟಿಗಿ ದಾರ್ಯಾಗ ಇಳಿಸಿ ಹೋಗ್ತಿದ್ರು. ಆ ದಾರಿ ಉದ್ದಕ್ಕೂ ಹಂಗ ಬಿಟ್ಟ ಸಾಮಾನು ಬಿದ್ದಿರ್ತಿದ್ವಂತ. ಅದನ್ನ ಓದಿದ ದಿನ ನಂಗ ನಿದ್ದಿ ಹತ್ತಲಿಲ್ಲ. ಹದಿನಾಲ್ಕು ಡಬ್ಬ ಕಟ್ಟೋ ಮುಂದ ನಾನು ಯಾರಿಗೋ ಕೊಟ್ಟ ಅತ್ತಿಯವರ ಹಿತ್ತಾಳಿ ಹಂಡೆ ನೆನಪಾತು.

ಇನ್ನೊಂದು ಮಾತೂ ಹೇಳಬೇಕು. ಅವರು ಹೋಗಿ ಸೇರಿದ ನೆಲಾ ಖಾಲಿ ಇರಲಿಲ್ಲ. ಅಲ್ಲಿ ಮೂಲನಿವಾಸಿಗಳು ಸಂಸಾರ ಮಾಡಿಕೊಂಡಿದ್ರು. ಇವರಿಗೆ ಮನಿ ಆಗೋ ಸಲುವಾಗಿ ಅವರ ಮನಿ ಹೋದ್ವು. 1869ರಾಗ ಆ ದೇಶದ ಈ ತುದಿಯಿಂದ ಆ ತುದಿಗೆ ರೈಲ್ವೆ ಆತು. ಅದರ ಮುಂದ ಎತ್ತಿನ ಗಾಡಿ ದಾರಿ ಸವಕಳಿ ಆತು.

ಇದು ಅಡಚಣಿಗೆ, ಆಶಾಕ್ಕ ಹೋದವರ ಕಥಿ. ಬರೇ ಹೌಸಿಗೆ ಮನಿಗಾಡಿ ಮಾಡಿಸಿದವರನ್ನ ನೋಡಬೇಕಂದ್ರ ಇಂಗ್ಲಂಡಿಗೆ ಹೋಗಬೇಕು. ಅಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅಂತ ಒಬ್ಬ ಡಾಕ್ಟರ್. ಹಡಗದ ಮ್ಯಾಲೆ, ನೌಕಾಪಡ್ಯಾಗ ಕೆಲಸಾ ಮಾಡಿ ಬಿಟ್ಟು, ಹುಡುಗರಿಗೆ ಸಾಹಸದ ಕಥಿ ಬರಕೊಂಡಿದ್ರು. 1885ರಾಗ ಬ್ರಿಸ್ಟಲ್ ಊರಿನ ರೈಲ್ವೆ ಡಬ್ಬಿ ಮಾಡೋ ಕಂಪನಿಗೆ ಹೇಳಿ ಭಾರಿ ಕಟ್ಟಿಗಿಯಿಂದ ಒಂದು ಗಾಡಿ ಮಾಡಿಸಿದ್ರು. ಹೆಸರು 'ವಾಂಡರರ್', ಅಂದ್ರ ಅಲೆಮಾರಿ. ಎರಡು ಕುದರಿ, ಗಾಡಿ ಹೊಡಿಲಿಕ್ಕೆ ಒಬ್ಬ, ಸೇವಾಕ್ಕ ಒಬ್ಬ, ಜತಿಗೆ ನಾಯಿ, ಗಿಳಿ. ತಮ್ಮ ಟ್ವೈಫರ್ಡ್ ಊರಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋದ್ರು. ಮರುವರ್ಷ ಆ ಪ್ರವಾಸದ ಪುಸ್ತಕಾನೂ ಬಂತು. ಅದನ್ನ ಓದಿದ ಶ್ರೀಮಂತ ಮಂದಿಗೆ ಆಶಾ ಹತ್ತಿ, 1907ರಾಗ ಕ್ಯಾರವಾನ್ ಕ್ಲಬ್ ಕಟ್ಟಿದ್ರು.

ಈಗ ಒಂದು ವಿಚಾರ ಮಾಡ್ರಿ. ಅದ ಇಂಗ್ಲಂಡಿನಾಗ, ಅದ ಕಾಲಕ್ಕ, ರೋಮಾನಿ ಮಂದಿನೂ ಕುದರಿ ಗಾಡ್ಯಾಗನ ಸಂಸಾರ ಮಾಡಿಕೊಂಡಿದ್ರು. ಅವರನ್ನ ಜಿಪ್ಸಿ ಅಂತಿದ್ರು. ರಸ್ತೆ ದಂಡ್ಯಾಗ ಅವರು ಬಿಡಾರ ಹೂಡಿದ್ರ ದಂಡ ಹಾಕ್ಲಿಕ್ಕೆ 1835ರಾಗನ ಕಾಯದೆ ಆಗಿತ್ತು. ಡಾಕ್ಟರ್ ಸಾಹೇಬ್ರು ಹೋದ್ರ ಊರ ಮಂದಿ ನೋಡ್ಲಿಕ್ಕೆ ಬರ್ತಿದ್ರು, ರೋಮಾನಿ ಮಂದಿ ಹೋದ್ರ ಪೊಲೀಸರು ಬರ್ತಿದ್ರು. ಗಾಡಿಗೆ ನಾಕ ಗಾಲಿ, ಎಳಿಯೂದು ಕುದರಿನ, ಒಳಗ ಒಲಿ ಹಾಸಿಗಿ ಅವ ಇದ್ವು. ಆದ್ರ ಒಬ್ಬರಿಗೆ ತಿರುಗಿ ಹೋಗ್ಲಿಕ್ಕೆ ಊರಾಗ ಒಂದು ಬಾಗಲಾ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಮುಂದಿನ ಕಥಿ ಎಲ್ಲಾ ಓದೋ ಮುಂದ ನಾನು ಇದೊಂದನ್ನ ಹುಡಕಿಕೋತ ಹೋದೆ.

ಮೋಟಾರು ಬಂದ ಮ್ಯಾಲೆ ಕಥಿ ಮತ್ತ ಅಮೆರಿಕಾಕ್ಕ ಹೊಳ್ಳತದ. 1910ರಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನೊಳಗ ಪಿಯರ್ಸ್ ಆರೋ ಕಂಪನಿಯವರು ಒಂದು ಕಾರು ತೋರಿಸಿದ್ರು. ಹಿಂದಿನ ಸೀಟು ಮಡಚಿದ್ರ ಹಾಸಿಗಿ, ಡ್ರೈವರ್ ಸೀಟಿನ ಬೆನ್ನಿಂದ ಇಳಿಸಿದ್ರ ಕೈ ತೊಳಕೊಳ್ಳೋ ಬೋಗುಣಿ, ಡ್ರೈವರ್ ಜೋಡಿ ಮಾತಾಡ್ಲಿಕ್ಕೆ ಫೋನು! ಸಾಹುಕಾರರ ಆಟಗಿ. ಬಡಬಗ್ಗರಿಗೆ ರಸ್ತೆ ತೆರದದ್ದು ಹೆನ್ರಿ ಫೋರ್ಡರ ಮಾಡೆಲ್ ಟಿ ಕಾರು. 1908ಕ್ಕ ಬಂತು, ವರ್ಷ ವರ್ಷ ತುಟ್ಟಿ ಆಗೂದು ಬಿಟ್ಟು ಸೋವಿ ಆಕ್ಕೋತ ಹೋತು. ರೈತರು, ಸಾಲಿ ಮಾಸ್ತರರು ಆ ಕಾರಿಗೆ ಡೇರೆ ಕಟಗೊಂಡು ಥಂಡಿಗಾಲದಾಗ ದಕ್ಷಿಣದ ಫ್ಲೋರಿಡಾಕ್ಕ ಇಳೀಲಿಕ್ಕೆ ಹತ್ತಿದ್ರು. 1919ರಾಗ ಟ್ಯಾಂಪಾ ಊರಿನ ಡಿಸೋಟೋ ಪಾರ್ಕಿನಾಗ ಹಂಗ ಬಂದವ್ರು ಕೂಡಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಅಂತ ಸಂಘ ಮಾಡ್ಕೊಂಡ್ರು. ಡಬ್ಬಿಯೊಳಗಿನ ಊಟ ಕಾಸಿಕೊಂಡು ಉಣ್ಣೋರು ಅಂತ ಆ ಹೆಸರು ಬಂತು ಅಂತಾರ. ಕಾರಿನ ರೇಡಿಯೇಟರ್ ಮುಚ್ಚಳಕ್ಕ ಒಂದು ಖಾಲಿ ಡಬ್ಬಿ ಬೆಸಿಗಿ ಹಾಕಿಸಿಕೊಂಡ್ರ ಅದ ಗುರ್ತು. ಊರವರು ಇವರನ್ನ ಚಾಷ್ಟಿ ಮಾಡ್ತಿದ್ರು: ಒಂದು ಅಂಗಿ, 20 ಡಾಲರಿನ ಒಂದು ನೋಟು ತೊಗೊಂಡು ಬರ್ತಾರ, ಹೋಗೂತನಕ ಅಂಗಿನೂ ಬದಲಿ ಮಾಡಂಗಿಲ್ಲ, ನೋಟೂ ಮುರಸಂಗಿಲ್ಲ ಅಂತ.

ಡೇರೆ ಹೋಗಿ ಗಟ್ಟಿ ಗ್ವಾಡಿ ಬಂದದ್ದರ ಹಿಂದ ಮನಿ ಮಂದಿ ತಕರಾರು ಇದ್ದದ್ದು ಓದಿ ನಂಗ ಭಾಳ ಖುಷಿ ಆತು. ಡೆಟ್ರಾಯಿಟ್ ಊರಿನ ಆರ್ಥರ್ ಶೆರ್ಮನ್ ಅನ್ನೋರು ಸೂಕ್ಷ್ಮಜೀವಿ ಶಾಸ್ತ್ರದ ವಿದ್ವಾಂಸರು. 1929ರ ಸುಮಾರಿಗೆ ಮನಿ ಮಂದಿನ ಕಟಗೊಂಡು ಕಾರಿಗೆ ಜಗ್ಗೋ ಡೇರೆಗಾಡಿ ಒಯ್ದ್ರು. ನಿಮಿಷದಾಗ ಬಿಚ್ಚಬಹುದು ಅಂತ ಮಾರಿದವರು ಹೇಳಿದ್ರಂತ. ಮಳಿ ಹತ್ತಿತು, ಡೇರೆ ಬಿಚ್ಚವಲ್ದು, ಎಲ್ಲಾರೂ ತೊಯ್ಸಿಕೊಂಡ್ರು. ತಿರುಗಿ ಬಂದು ತಾವ ಕಟ್ಟಿಗಿ ಗ್ವಾಡಿ ಗಾಡಿ ಮಾಡಿಸಿದ್ರು, ಕಂಪನಿ ತೆಗೆದ್ರು. ಕಂಪನಿ ಹೆಸರು 'ಕವರ್ಡ್ ವ್ಯಾಗನ್', ಅದ ಹಳೇ ಕಮಾನು ಗಾಡಿ ಹೆಸರು!

ಲಾಸ್ ಏಂಜಲೀಸಿನ ವಾಲಿ ಬೈಯಮ್ ಕಥಿ ಇನ್ನೂ ಛಲೋ ಅದ. ಅವರು ಸಣ್ಣವರಿದ್ದಾಗ ಒರೆಗಾನ್‌ನಾಗ ಕುರಿ ಕಾಯಕೋತ, ಕತ್ತಿ ಎಳಿಯೋ ಎರಡು ಗಾಲಿ ಗಾಡ್ಯಾಗ ಉಂಡು ಮಲಗಿದವರು. ಮುಂದ ಲಗ್ನಾದ ಮ್ಯಾಲೆ ಬಯಲಾಗ ಬಿಡಾರ ಹೂಡೋಣ ನಡಿ ಅಂತ ಹೆಂಡತಿ ಮೇರಿಯನ್ನಗ ಅಂದ್ರ, ಅಡಗಿಮನಿ ಬಿಟ್ಟು ನಾ ಬರಂಗಿಲ್ಲ ಅಂದುಬಿಟ್ರಂತ. ಬೈಯಮ್ ಏನು ಮಾಡಬೇಕು? ಮಾಡೆಲ್ ಟಿ ಕಾರಿನ ಚಾಸಿ ಮ್ಯಾಲೆ ಡೇರೆ ಕಟ್ಟಿದ್ರು. ಅದು ಸರಿ ಬರಲಿಲ್ಲ. ಆಮ್ಯಾಲೆ ಬರ್ಫದ ಪೆಟ್ಟಿಗಿ, ಸೀಮೆಎಣ್ಣಿ ಸ್ಟೋವ್ ಇಟ್ಟು ಹನಿ ಆಕಾರದ ಗಾಡಿ ಮಾಡಿದ್ರು. ಅದರಿಂದನ 'ಏರ್‌ಸ್ಟ್ರೀಮ್' ಕಂಪನಿ ಬೆಳೀತು. 1936ರ ಅವರ 'ಕ್ಲಿಪ್ಪರ್' ಗಾಡಿ ವಿಮಾನದಂಗ ಅಲ್ಯೂಮಿನಿಯಂ ತಗಡಿಗೆ ರಿವಿಟ್ ಹೊಡದು ಮಾಡಿದ್ದು. ನಾಕು ಮಂದಿ ಮಲಗಬಹುದಿತ್ತು, ಬೆಲಿ 1,200 ಡಾಲರ್. ಇವತ್ತಿಗೂ ರಸ್ತೆ ಮ್ಯಾಲೆ ಬೆಳ್ಳಿ ತತ್ತಿಯಂಗ ಹೊಳಕೋತ ಹೋಗೋ ಗಾಡಿ ಕಂಡ್ರ ಅದು ಅವರ ಕಂಪನೀದ ಇರ್ತದ. ಒಬ್ಬ ಹೆಣ್ಣುಮಗಳು ಒಲಿ ಬೇಕು ಅಂತ ಹಟಾ ಹಿಡದದ್ದಕ್ಕ ಇಷ್ಟಾತು. ಪುಸ್ತಕದಾಗ ಆಕಿ ಹೆಸರು ಒಂದ ಸಾಲಿನಾಗ ಬಂದು ಹೋಗ್ತದ, ನಾನು ಅಡ್ಡಗೆರಿ ಎಳದು ಇಟ್ಟೆ. ಲೈಬ್ರರಿ ಪುಸ್ತಕ ಅಂತ ಸೊಸಿ ಬೈದಳು, ಅಳಿಸಿದೆ.

ಬೈಯಮ್ ಆಮ್ಯಾಲೆ ದಂಡು ಕಟಗೊಂಡು ದೇಶ ತಿರಗಿದ್ರು. 1959ರಾಗ ಆಫ್ರಿಕಾದ ಕೇಪ್‌ಟೌನ್‌ನಿಂದ ಕೈರೋ ಕಡೆ 41 ಗಾಡಿ ಹೊಂಟ್ವು. 1962ಕ್ಕ ಅವರು ತೀರಿಕೊಂಡ್ರು. ಮರುವರ್ಷ ಅವರ ಸಂಘದವರು ಸಿಂಗಾಪುರದಿಂದ ಹೊಂಟು ಪೋರ್ಚುಗಲ್‌ನ ಲಿಸ್ಬನ್ ಮುಟ್ಟಿದ್ರು. ಆ ಬೆಳ್ಳಿ ಗಾಡಿಗೋಳು ನಮ್ಮ ಭಾರತದಾಗೂ ಹಾದು ಹೋದ್ವು.

ಇವೆಲ್ಲಾ ಹೌಸಿನ ಮಾತು. ಅದ 1930ರ ದಶಕದಾಗ ಇನ್ನೊಂದು ದಂಡೂ ರಸ್ತೆ ಮ್ಯಾಲಿತ್ತು. ಬರಗಾಲ ಬಿದ್ದು, ಧೂಳಿನ ಬಿರುಗಾಳಿ ಎದ್ದು, ಓಕ್ಲಹೋಮಾ ಕಡೆ ರೈತರ ಹೊಲಾ ಹಾಳಾದ್ವು. ಬ್ಯಾಂಕಿನ ಸಾಲ ಬ್ಯಾರೆ. ಮಂಚ, ಕುರ್ಚಿ, ಅಜ್ಜಿ, ಕೂಸು ಎಲ್ಲಾ ಹಳೇ ಕಾರಿನಾಗ ತುಂಬಿಕೊಂಡು ಕ್ಯಾಲಿಫೋರ್ನಿಯಾಕ್ಕ ಕೂಲಿ ಹುಡಕಿಕೋತ ಹೋದ್ರು. ಕಾರ ಅವರ ಮನಿ ಆತು. ಜಾನ್ ಸ್ಟೈನ್‌ಬೆಕ್ 1939ರಾಗ ಅವರ ಕಥೀನ ಕಾದಂಬರಿ ಮಾಡಿದ್ರು, 'ದಿ ಗ್ರೇಪ್ಸ್ ಆಫ್ ರಾಥ್'. ಅದ ಸ್ಟೈನ್‌ಬೆಕ್ 1960ರಾಗ, ತಮ್ಮ 58ನೇ ವಯಸ್ಸಿನಾಗ, ಒಂದು ಟ್ರಕ್ಕಿನ ಮ್ಯಾಲೆ ಸಣ್ಣ ಮನಿ ಕಟ್ಟಿಸಿಕೊಂಡು, ಚಾರ್ಲಿ ಅನ್ನೋ ನಾಯಿ ಕೂಡಿಸಿಕೊಂಡು ದೇಶ ಸುತ್ತಲಿಕ್ಕೆ ಹೊಂಟ್ರು. ಟ್ರಕ್ಕಿಗೆ ಡಾನ್ ಕಿಹೋಟೆಯ ಕುದರಿ ಹೆಸರಿಟ್ಟಿದ್ರು, ರೋಸಿನಾಂಟೆ ಅಂತ. 1962ಕ್ಕ ಆ ಪುಸ್ತಕ ಬಂತು, ಅದ ವರ್ಷ ನೊಬೆಲ್ ಬಂತು. ಒಬ್ಬರ ಕೈಯಿಂದನ ಎರಡೂ ಥರದ ಗಾಡಿ ಕಥಿ ಬರದಂಗಾತು ನೋಡ್ರಿ. ಮೊದಲನೇದ್ರಾಗ ಮನಿ ಕಳಕೊಂಡವರು, ಎರಡನೇದ್ರಾಗ ಮನಿಗೆ ಕೀಲಿ ಹಾಕಿ ಹೊಂಟವರು.

ನಡುವ ಎರಡನೇ ಮಹಾಯುದ್ಧ ಬಂತು. ಕಾರಖಾನಿ ಇದ್ದಲ್ಲಿ ಕೆಲಸಗಾರರಿಗೆ ಮನಿ ಸಾಲಲಿಲ್ಲ. ಸರಕಾರನ ಗಾಲಿ ಮನಿ ಕೊಂಡು ಸಾಲಾಗಿ ನಿಲ್ಲಿಸಿತು. ಅಣುಬಾಂಬಿನ ಕೆಲಸಾ ನಡದಿದ್ದ ಟೆನೆಸಿಯ ಓಕ್ ರಿಜ್ ಊರಾಗೂ ಮಂದಿ ಹಂಗ ಇದ್ರು. ಯುದ್ಧ ಮುಗದ ಮ್ಯಾಲೂ ಎಷ್ಟೋ ಮಂದಿಗೆ ಅದ ಕಾಯಂ ಮನಿ ಆತು. 1950ರ ದಶಕದಾಗ ಹತ್ತು ಫೂಟು ಅಗಲದ ಗಾಡಿ ಬಂದ್ವು. ಅಷ್ಟು ಅಗಲದ್ದನ್ನ ಕಾರಿನಿಂದ ಜಗ್ಗಲಿಕ್ಕೆ ಆಗಂಗಿಲ್ಲ. ಅವು ಒಂದ ಕಡೆ ನಿಂತು 'ಮೊಬೈಲ್ ಹೋಮ್' ಆದ್ವು. ಹೆಸರಿಗೆ ಮಾತ್ರ ಮೊಬೈಲು, ಗಾಲಿ ಮಣ್ಣಾಗ ಹೂತಿರ್ತಾವ. ತಿರುಗಾಡೋ ಗಾಡಿ ಬ್ಯಾರೆ ಜಾತಿ ಆದ್ವು. 1966ರಿಂದ ಅಯೋವಾದ ಫಾರೆಸ್ಟ್ ಸಿಟಿಯೊಳಗ ವಿನ್ನೆಬಾಗೋ ಕಂಪನಿ ಇಂಜಿನ್ನೂ ಮನಿನೂ ಒಂದ ಇದ್ದ ಗಾಡಿನ ಸಾಲಿಗೆ ಹಚ್ಚಿ ಮಾಡಿ ಸೋವಿ ಬೆಲಿಗೆ ಕೊಟ್ಟಿತು. ಆವಾಗ ಪಿಂಚಣಿದಾರರು ರಸ್ತೆಗೆ ಇಳದ್ರು.

ಆದ್ರ ರಜಾಕ್ಕ ಹೋಗೂದು ಬ್ಯಾರೆ, ವರ್ಷಪೂರ್ತಿ ಅದರಾಗನ ಇರೂದು ಬ್ಯಾರೆ. ಇಲ್ಲೆ ಒಂದು ಸಣ್ಣ ಅಡಚಣಿ ಬರ್ತದ, ನಂಗ ಅದ ದೊಡ್ಡದು ಅನಸ್ತು: ವಿಳಾಸ. ಟಪಾಲು ಎಲ್ಲಿಗೆ ಬರಬೇಕು? ಓಟು ಎಲ್ಲಿ ಹಾಕಬೇಕು? ಲೈಸೆನ್ಸು, ವಿಮಾ, ತೆರಿಗಿ ಎಲ್ಲಾದಕ್ಕೂ ಒಂದು ಮನಿ ನಂಬರು ಬೇಕು. ಜೋ ಮತ್ತ ಕೇ ಪೀಟರ್ಸನ್ ಅನ್ನೋ ಗಂಡ ಹೆಂಡತಿ ತಾವೂ ಹಿಂಗ ಗಾಡ್ಯಾಗ ಇದ್ದವರು. 1978ರಾಗ 'ಎಸ್ಕೇಪೀಸ್' ಅಂತ ಸಂಘ ಕಟ್ಟಿದ್ರು. ಟೆಕ್ಸಾಸಿನ ಲಿವಿಂಗ್‌ಸ್ಟನ್ ಊರಾಗ ಸಂಘದವರ ಟಪಾಲು ಇಳಸ್ಕೊಂಡು, ಅವರು ಎಲ್ಲಿರ್ತಾರೋ ಅಲ್ಲಿಗೆ ಕಳಸೋ ವ್ಯವಸ್ಥಾ ಮಾಡಿದ್ರು. ಹಿಂಗಾಗಿ ಎಷ್ಟೋ ಮಂದಿ ಕಾಗದದ ಮ್ಯಾಲೆ ಆ ಒಂದ ಊರವರು. ಟೆಕ್ಸಾಸ್, ಫ್ಲೋರಿಡಾ, ಸೌತ್ ಡಕೋಟಾ ಈ ಮೂರು ರಾಜ್ಯದಾಗ ವಿಳಾಸ ಮಾಡ್ಕೊಳ್ಳೋರ ಭಾಳ, ಯಾಕಂದ್ರ ಅಲ್ಲಿ ರಾಜ್ಯದ ಆದಾಯ ತೆರಿಗಿ ಇಲ್ಲ. ಅದ ಲಿವಿಂಗ್‌ಸ್ಟನ್ ಊರಾಗ ಸಂಘದವರು ಇನ್ನೊಂದು ಕೆಲಸಾ ಮಾಡ್ಯಾರ. ವಯಸ್ಸಾಗಿ, ಬ್ಯಾನಿ ಬಂದು ಇನ್ನ ಗಾಡಿ ಹೊಡಿಲಿಕ್ಕೆ ಆಗಂಗಿಲ್ಲ ಅನ್ನೋರು ತಮ್ಮ ಗಾಡಿ ಅಲ್ಲಿ ತಂದು ನಿಲ್ಲಿಸಿ, ಅದರಾಗ ಇದ್ದುಕೊಂಡ, ಊಟ ಉಪಚಾರ ನೋಡಿಸ್ಕೋಬಹುದು. ಇದನ್ನ ಓದಿ ನಮ್ಮನಿಯವ್ರಿಗೆ ಹೇಳಿದೆ. "ಅಂದ್ರ ಕಡೀಕ ಅವರೂ ಒಂದ ಜಾಗಾದಾಗ ನಿಂತ್ರಲ್ಲ" ಅಂದ್ರು.

2008ರಾಗ ಅಮೆರಿಕಾದಾಗ ಮನಿ ಸಾಲದ ವ್ಯವಹಾರ ಮುರದು ಬಿತ್ತು, ಲಕ್ಷಗಟ್ಟಲೆ ಕುಟುಂಬ ಮನಿ ಕಳಕೊಂಡ್ವು. 1930ರ ಕಥಿ ಮತ್ತ ಬಂತು. ಈ ಸಲ ರಸ್ತೆಗೆ ಬಂದವರಾಗ ಅರವತ್ತು ದಾಟಿದವರು, ಅದರಾಗೂ ಒಂಟಿ ಹೆಣ್ಣುಮಕ್ಕಳು ಕಂಡ್ರು. ವ್ಯಾನಿನಾಗ ಮಲಗೂದು, ಹಬ್ಬದ ಹಂಗಾಮಿನಾಗ ಗೋದಾಮಿನಾಗ ಸಾಮಾನು ಕಟ್ಟೂದು, ಬ್ಯಾಸಿಗ್ಯಾಗ ಕ್ಯಾಂಪಿನ ಪಾಯಖಾನಿ ತೊಳಿಯೂದು, ಸುಗ್ಗ್ಯಾಗ ಬೀಟ್‌ರೂಟಿನಂಥಾ ಸಕ್ಕರಿ ಗಡ್ಡಿ ತುಂಬೂದು. ಅವರ ಜೋಡಿ ತಾವೂ ವ್ಯಾನಿನಾಗ ಇದ್ದು ಜೆಸಿಕಾ ಬ್ರೂಡರ್ ಅನ್ನೋ ಪತ್ರಕರ್ತೆ 2017ರಾಗ 'ನೋಮ್ಯಾಡ್‌ಲ್ಯಾಂಡ್' ಪುಸ್ತಕ ಬರದ್ರು. ಅದು ಸಿನೆಮಾ ಆಗಿ 2021ರಾಗ ಆಸ್ಕರ್ ತೊಗೊಂಡಿತು. ಅದರಾಗ ನೆವಾಡಾದ ಎಂಪೈರ್ ಅನ್ನೋ ಊರು ಬರ್ತದ. ಅದು ಜಿಪ್ಸಮ್ ಕಾರಖಾನಿ ಕಟ್ಟಿದ ಊರು. 2011ರಾಗ ಕಾರಖಾನಿ ಮುಚ್ಚಿದ್ರು, ಮಂದಿ ಮನಿ ಬಿಟ್ರು, ಊರಿನ ಪಿನ್‌ಕೋಡನೂ ತಗದುಹಾಕಿದ್ರು. ಮಂದಿ ಹೋದ ಮ್ಯಾಲೆ ವಿಳಾಸಾನೂ ಹೋತು.

ಇಷ್ಟು ಓದಿದ ಮ್ಯಾಲೆ ನಂಗ ಒಂದು ಮಾತು ತಿಳೀತು. ಕ್ವಾರ್ಟ್‌ಸೈಟಿನ ಆ ಬಯಲಿನಾಗ ಎಲ್ಲಾ ಗಾಡಿ ಒಂದ ಥರ ಕಾಣಸ್ತಿದ್ವು. ಒಂದ್ರಾಗ ಮನಿಗೆ ಕೀಲಿ ಹಾಕಿ ಬಂದವರು, ಒಂದ್ರಾಗ ಬೇಕಂತ ಮನಿ ಮಾರಿದವರು, ಒಂದ್ರಾಗ ಮನಿ ಕಳಕೊಂಡವರು. ಹೊರಗಿಂದ ಗುರ್ತು ಹತ್ತಂಗಿಲ್ಲ. ಎಲ್ಲಾರೂ ಕುರ್ಚಿ ಹಾಕ್ಕೊಂಡು ಬಟಾಟಿ ಹೆರೀತಾರ, ಎಲ್ಲಾರೂ ನಕ್ಕೋತ ಮಾತಾಡ್ತಾರ. ಇದು ನೀ ಬೇಕಂತ ಮಾಡಿದ್ದೋ, ಆದದ್ದೋ ಅಂತ ಕೇಳಿದ್ರ ಮಾತ್ರ ಗೊತ್ತಾಗೋದು. ನನ್ನ ಯಾರೂ ಹಂಗ ಕೇಳಿರಲಿಲ್ಲ. ಮಗಳು ಛಲೋ ನೋಡ್ಕೋತಾಳ, ಸೊಸಿ ಮಗಳಿಗಿಂತ ಹೆಚ್ಚು. ನೋಡಿದವರೆಲ್ಲಾ "ನೀವು ಪುಣ್ಯವಂತ್ರು, ಆರು ತಿಂಗಳಿಲ್ಲೆ ಆರು ತಿಂಗಳಲ್ಲೆ" ಅಂತಿದ್ರು. ಹೌದು ಅಂತ ನಾನೂ ಅಂತಿದ್ದೆ. ಆದ್ರ ಎರಡೂ ಮನ್ಯಾಗ ಸಕ್ಕರಿ ಡಬ್ಬಿ ಎಲ್ಲಿಡಬೇಕು ಅನ್ನೂದು ನನ್ನ ಕೈಯಾಗ ಇರಲಿಲ್ಲ. ಆಧಾರ ಕಾರ್ಡಿನಾಗ, ಪಾಸ್‌ಬುಕ್ಕಿನಾಗ ಇನ್ನೂ ಮಾರಿದ ಮನಿ ವಿಳಾಸನ ಇತ್ತು. ಬದಲಿ ಮಾಡಿಸ್ರಿ, ಬೆಂಗಳೂರಿಂದು ಹಾಕಸ್ರಿ ಅಂತ ಮಗಳು ಎರಡು ಸಲ ಅಂದಿದ್ಲು. ನಾಳೆ ನಾಡದು ಅಂತ ನಾನ ಮುಂದ ಹಾಕಿದ್ದೆ. ಯಾಕ ಅಂತ ನಂಗ ಗೊತ್ತಿರಲಿಲ್ಲ.

ಒಂದು ರಾತ್ರಿ ನಮ್ಮನಿಯವ್ರ ಮುಂದ ಬಾಯಿಬಿಟ್ಟು ಹೇಳಿದೆ. "ಎರಡು ಕೋಣಿ ಆದ್ರೂ ಅಡ್ಡಿಯಿಲ್ಲ, ಬಾಡಿಗಿ ಆದ್ರೂ ಅಡ್ಡಿಯಿಲ್ಲ. ಕೀಲಿ ನನ್ನ ಕೈಯಾಗ ಇರಬೇಕು. ಆಮ್ಯಾಲೆ ವರ್ಷದಾಗ ಹತ್ತು ತಿಂಗಳು ಎಲ್ಲಿ ಕರಕೊಂಡು ಹೋಗ್ತೀರಿ ಹೋಗ್ರಿ, ಬರ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅದನ್ನ ಹೇಳಬೇಕಂತ ಮಾಡಿದ್ದೆ, ಮಕ್ಕಳು ಬ್ಯಾಸರ ಮಾಡ್ಕೋತಾರ ಅಂತ ಸುಮ್ಮನಿದ್ದೆ" ಅಂದ್ರು. ಮೂವತ್ತು ವರ್ಷ ಒಂದ ಮನ್ಯಾಗ ಇದ್ದು ಒಬ್ಬರಿಗೊಬ್ರು ಇಷ್ಟು ಮಾತು ಹೇಳಲಿಕ್ಕೆ ಮೂರು ತಿಂಗಳು ಬೇಕಾತು. ಮಗ ಸ್ವಲ್ಪ ಬ್ಯಾಸರ ಮಾಡ್ಕೊಂಡ, ಸುಳ್ಳು ಹೇಳಂಗಿಲ್ಲ. "ಇದು ನಿಮ್ಮ ಮನಿ ಅಲ್ಲೇನವ್ವಾ?" ಅಂದ. "ಹೌದಪಾ, ಇದೂ ನಂದ. ಆದ್ರ ಗಾಡಿಗೆ ಹಿಂದಕ ಹೋಗೋ ಗೇರೂ ಇರಬೇಕಲ್ಲೋ" ಅಂದೆ. ಅವನ ನಕ್ಕ.

ಏಪ್ರಿಲಿನಾಗ ಬಂದು ಧಾರವಾಡದ ಮಾಳಮಡ್ಡ್ಯಾಗ ಎರಡು ಕೋಣಿ, ಅಡಗಿಮನಿ ಇರೋ ಜಾಗಾ ಹಿಡದ್ವಿ. ಅಟ್ಟದಿಂದ 14 ಡಬ್ಬ ಇಳದ್ವು. ಆರು ಬಿಚ್ಚೇವಿ, ಉಳದವು ಮಂಚದ ಕೆಳಗ ಅವ. ಹಂಡೆ ಒಯ್ದವರನ್ನ ಕೇಳಿ ನೋಡಿದೆ, ಅವರು ಅದನ್ನ ಮೋಡಿನಾಗ ಹಾಕಿಬಿಟ್ಟಿದ್ರು. ಹೋಗ್ಲಿ. ಆಧಾರ ವಿಳಾಸ ಬದಲಿ ಮಾಡಿಸಿದ್ವಿ. ಹದಿನೈದು ದಿನಕ್ಕ ಪೋಸ್ಟ್‌ಮನ್ ಬಂದು ನನ್ನ ಹೆಸರು ಕೂಗಿದ. ಈ ಮನಿಗೆ ಬಂದ ಮೊದಲನೇ ಟಪಾಲು ಅದನ. ಸಹಿ ಮಾಡಿ ಇಸ್ಕೊಂಡೆ, ಅವನಿಗೆ ಒಂದು ಕಪ್ ಚಹಾ ಮಾಡಿಕೊಟ್ಟೆ. ಸಕ್ಕರಿ ಡಬ್ಬಿ ಒಲಿ ಬಲಗಡೆ ಇಟ್ಟೀನಿ.

ಡಿಸೆಂಬರಿಗೆ ಮತ್ತ ಅರಿಝೋನಾಕ್ಕ ಹೋಗೂದದ. ಹಾದ್ಯಾಗ ಕ್ವಾರ್ಟ್‌ಸೈಟಿನಾಗ ಆ ಮುದುಕಿ ಸಿಕ್ರ ಶೇಂಗಾ ಚಟ್ನಿ ಕೊಡಬೇಕಂತ ಮಾಡೀನಿ. 23 ಕಿಲೋದಾಗ ಅದಕ್ಕೊಂದು ಪಾವು ಕಿಲೋ ಜಾಗಾ ಇಟ್ಟೀನಿ.